ನಾನು ಅಳಲಿಲ್ಲವಂತೆ

ಧ್ವನಿಮುದ್ರಣದ ಹನ್ನೊಂದನೆಯ ನಿಮಿಷದವರೆಗೂ ಅದು ತನ್ನ ತಾಯಿಯ ದನಿ ಎಂದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಕೂಡ ದನಿಯಿಂದಲ್ಲ, ನಲ್ಲಿಯಿಂದ. ಮಾತಿನ ಹಿಂದೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು: ಎರಡು ಹನಿ ಬೇಗಬೇಗ, ಮೂರನೆಯದು ತಡವಾಗಿ, ಕುಂಟುವವರ ಹೆಜ್ಜೆಯ ಹಾಗೆ. ಕೇಳಿದ್ದನ್ನೆಲ್ಲ ಬರಹಕ್ಕಿಳಿಸಬೇಕು ಎಂಬ ಸಂಶೋಧನಾ ಕೇಂದ್ರದ ನಿಯಮದ ಪ್ರಕಾರ ಅವನು ಅಂಚಿನಲ್ಲಿ 'ಹಿನ್ನೆಲೆಯಲ್ಲಿ ನೀರಿನ ಸದ್ದು' ಎಂದು ಬರೆದು ಮುಂದೆ ಹೋಗಿದ್ದ. ಮತ್ತೆ ಮತ್ತೆ ಅದೇ ಕುಂಟು ಕೇಳಿ ಬೆರಳು ನಿಂತಿತು. ಅದು ಅವನ ಅಡುಗೆಮನೆಯ ನಲ್ಲಿ. ಈ ಭಾನುವಾರ ವಾಷರ್ ಹಾಕ್ತೀನಿ, ಬರೋ ಭಾನುವಾರ ಹಾಕ್ತೀನಿ ಎಂದು ಐದು ತಿಂಗಳಿಂದ ದೂಡುತ್ತ ಬಂದ ನಲ್ಲಿ; ಹದಿನಾರು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದವನ ಮನೆಯ ನಲ್ಲಿ ಸೋರುವುದೆಂದರೆ ವೈದ್ಯರ ಮನೆಯಲ್ಲಿ ಕೆಮ್ಮು ಇದ್ದ ಹಾಗೆ ಎಂದು ಅಮ್ಮ ಬಂದವರೆದುರಿಗೆಲ್ಲ ಹೇಳಿ ನಗುತ್ತಿದ್ದ ನಲ್ಲಿ. ನಲ್ಲಿಯ ಹಿಂದೆ ಮನೆ ಬಂತು, ಮನೆಯ ಹಿಂದೆ ದನಿ ಬಂತು. ದಾರವನ್ನು ಹಲ್ಲಿನಿಂದ ಕಡಿಯುವ ಸಣ್ಣ ಟಕ್ ಬಂತು. ಅವನು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ಮೇಜಿನ ಮೇಲಿಟ್ಟು, ಯಾರಾದರೂ ನೋಡಿದರೋ ಎಂದು ಕೋಣೆಯ ಸುತ್ತ ಕಣ್ಣಾಡಿಸಿದ, ಏನೋ ಕದ್ದವನ ಹಾಗೆ.

ಅಷ್ಟರಲ್ಲಿ ಅವನು ಹಾಳೆಯ ತಲೆಯಲ್ಲಿ ಬರೆದಾಗಿತ್ತು: ಹೆಣ್ಣು, ಎಪ್ಪತ್ತರ ಆಸುಪಾಸು, ಘಟನೆಯ ಕಾಲಕ್ಕೆ ಆರು ವರ್ಷ, ಕಣ್ಣಾರೆ ಕಂಡವರು, ನೆನಪು ಖಚಿತ. ಕೊನೆಯ ಖಾನೆಯಲ್ಲಿ 'ಅಂತೆ: ಸೊನ್ನೆ.' ಆ ಖಾನೆ ಕೇಂದ್ರದ್ದಲ್ಲ, ಅವನೇ ಸೇರಿಸಿದ್ದು. ಕೇಂದ್ರ ಸಂಗ್ರಹಿಸುತ್ತಿದ್ದದ್ದು ಅರವತ್ತನಾಲ್ಕು ವರ್ಷ ಹಿಂದಿನ ಹದಿನೇಳು ದಿನಗಳ ನೆನಪನ್ನು. ಆ ಹದಿನೇಳು ದಿನಗಳಲ್ಲಿ ನದಿಯ ಈಚೆ ದಡದ ಅವನ ಜನರನ್ನು ಊರೂರಿಗೆ ಹೋಗಿ, ಪಟ್ಟಿ ಹಿಡಿದು, ಕೊಂದಿದ್ದರು. ಕಂಡವರು ಹೆಚ್ಚುಕಡಿಮೆ ತೀರಿಹೋಗಿದ್ದರು. ಉಳಿದದ್ದು ಮಕ್ಕಳು, ಮೊಮ್ಮಕ್ಕಳು, ಅವರ ಬಾಯಿಗೆ ದಾಟಿಬಂದ ಮಾತು. ಅವನ ಪಿಎಚ್‌ಡಿಯೂ ಅದರ ಮೇಲೆಯೇ, ಪಿಎಚ್‌ಡಿ ಮುಗಿದ ಮೇಲಿನ ಈ ಮೂರು ವರ್ಷದ ಸಂಶೋಧನೆಯೂ ಅದರ ಮೇಲೆಯೇ. ಬೇರೆಯವರು ಏನು ಹೇಳುತ್ತಾರೆಂದು ಕೇಳುತ್ತಿದ್ದರೆ ಅವನು ಹೇಗೆ ಹೇಳುತ್ತಾರೆಂದು ಕೇಳಿದ. ಅಜ್ಜನ್ನ ಕರ್ಕೊಂಡು ಹೋದ್ರಂತೆ, ಒಲೆ ಮೇಲೆ ಪಾತ್ರೆ ಹಾಗೇ ಇತ್ತಂತೆ, ನಾಯಿ ಮೂರು ದಿನ ಬಾಗಿಲಲ್ಲೇ ಮಲಗಿತ್ತಂತೆ. ತಾನು ಕಾಣದ ಸಾವನ್ನು ಮನುಷ್ಯ ಈ ಎರಡಕ್ಷರದ ಇಕ್ಕಳದಲ್ಲಿ ಹಿಡಿದು ಮಕ್ಕಳ ಕೈಗೆ ದಾಟಿಸುತ್ತಾನೆ ಎಂಬುದು ಅವನ ವಾದ. ಕೇಂದ್ರದಲ್ಲಿ ಅವನಿಗೆ ಅಂತೆಕಂತೆ ಎಂದೇ ಹೆಸರು ಬಿದ್ದಿತ್ತು. ಮೊದಲು ಅವಮಾನವಾಗಿ, ಆಮೇಲೆ ಅಭ್ಯಾಸವಾಗಿ, ಹೋದ ವರ್ಷ ದೊಡ್ಡ ವಿದ್ವಾಂಸರೊಬ್ಬರು ಅವನ ಲೇಖನವನ್ನು ಹೊಗಳಿದ ಮೇಲೆ ಸ್ವಲ್ಪ ಹೆಮ್ಮೆಯಾಗಿಯೂ.

ವಾದದ ಬುಡದಲ್ಲಿದ್ದದ್ದು ಅಮ್ಮ. ಆಗ ಅವಳಿಗೆ ಮೂರು ವರ್ಷ. ಅವಳನ್ನು ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಹೊದಿಸಿದ್ದರಂತೆ, ಅವಳು ಅಳಲಿಲ್ಲವಂತೆ, ಅದಕ್ಕೇ ಉಳಿದಳಂತೆ. ಅವಳನ್ನು ಸಾಕಿದ ದೊಡ್ಡಮ್ಮ ಹೇಳಿದ್ದನ್ನು ಅಮ್ಮ ಅವನಿಗೆ ಹೇಳಿದ್ದಳು; ಆ ದಿನಗಳ ಮಾತನ್ನು ಅಂತೆ ಇಲ್ಲದ ಅವಳ ದನಿಯಲ್ಲಿ ಅವನು ಎಂದೂ ಕೇಳಿರಲಿಲ್ಲ. 'ನಾನು ಅಳ್ಲಿಲ್ವಂತೆ' ಎಂದು ಅವಳೆಂದದ್ದನ್ನು ಅವನು ತಿದ್ದಿ, ಇಸ್ತ್ರಿ ಮಾಡಿ, 'ನಾನು ಅಳಲಿಲ್ಲವಂತೆ' ಎಂದು ಮೂರನೆಯ ಅಧ್ಯಾಯಕ್ಕೆ ತಲೆಬರಹ ಕೊಟ್ಟಿದ್ದ. ತನ್ನ ಬದುಕನ್ನೇ ಇನ್ನೊಬ್ಬರ ಬಾಯಿಂದ ಕೇಳಿ ತಿಳಿದವಳು. ನಾನು ಎಂಬುದಕ್ಕೆ ಅಂತೆ ಎಂಬುದನ್ನು ಹೊಲಿದುಕೊಂಡವಳು. ಆ ವಾಕ್ಯ ಬರೆದ ದಿನ ಅವನಿಗೆ ಕಣ್ಣು ಮಂಜಾಗಿತ್ತು. ತನ್ನ ತಾಯಿಗಾಗಿಯೋ ತನ್ನ ವಾಕ್ಯಕ್ಕಾಗಿಯೋ ಎಂದು ಆಮೇಲೆ ಒಂದು ವಾರ ಅನುಮಾನಪಟ್ಟಿದ್ದ. ಈಗ ಆ ಪುಸ್ತಕದ ಕರಡು ಅಚ್ಚು ಅವನ ಚೀಲದಲ್ಲೇ ಇತ್ತು. ಸಂಜೆ ಐದರೊಳಗೆ ನಿರ್ದೇಶಕರ ಕೈಗೆ ಕೊಡಬೇಕು. ಪುಸ್ತಕ ಬಂದರೆ ಇನ್ನೆರಡು ವರ್ಷ ಸಂಶೋಧನೆ ಮುಂದುವರಿಯುತ್ತದೆ. ಬರದಿದ್ದರೆ ನೀರು ಸರಬರಾಜು ಕಚೇರಿ, ಕಿಟಕಿಯಿಲ್ಲದ ಕೋಣೆ, ಅಲ್ಲಿ ಅವನ ಕುರ್ಚಿಯ ಮೇಲೆ ಈಗ ಕೂರುವವನು ಬೆಳೆಸಿದ ಗಿಡ.

ತೆಗೆದದ್ದನ್ನು ಮತ್ತೆ ಕಿವಿಗೆ ಹಾಕಿಕೊಳ್ಳುವ ಮುಂಚೆ ಅವನು ಒಂದು ಕೆಲಸ ಮಾಡಬೇಕಿತ್ತು. ಪ್ರತಿ ಲಕೋಟೆಯಲ್ಲೂ ಧ್ವನಿಯ ಜೊತೆ ಒಂದು ಒಪ್ಪಿಗೆಪತ್ರ ಇರುತ್ತದೆ, ಅದನ್ನು ಮೊದಲು ಓದಬೇಕು. ಆ ನಿಯಮ ಮಾಡಿಸಿದವನೂ ಅವನೇ. ಒಪ್ಪಿಗೆಪತ್ರದಲ್ಲಿ 'ಇದನ್ನು ಯಾರು ಕೇಳಬಾರದು?' ಎಂಬ ಪ್ರಶ್ನೆ ಸೇರಿಸಲು ಎರಡು ಸಭೆಗಳಲ್ಲಿ ಒಬ್ಬನೇ ವಾದಿಸಿದವನು ಅವನು. ಯಾರು ಕೇಳಬಹುದು ಅಂತ ಇದೆಯಲ್ಲ, ಸಾಲದೆ, ಎಂದು ನಿರ್ದೇಶಕರು ಆಕಳಿಸಿದ್ದರು. ಸಾಲದು ಎಂದು ಅವನು ಹೇಳಿದ್ದ, ನಾಲಿಗೆ ತೊದಲುತ್ತ. ಒಬ್ಬರಿಂದ ಬಚ್ಚಿಡುವ ಹಕ್ಕಿಲ್ಲದಿದ್ದರೆ ಉಳಿದವರಿಗೆ ಹೇಳುವ ಧೈರ್ಯ ಬರುವುದಿಲ್ಲ ಎಂದು. ಸಂಜೆ ಕಾಲೇಜಿನಲ್ಲಿ ಓದಿದವನು ಹಗಲಿನವರ ಎದುರು ಗೆದ್ದ ಒಂದೇ ವಾದ ಅದು. ಆದರೆ ಇವತ್ತು ಕರಡಿನ ಗಡಿಬಿಡಿ. ಬರಹಕ್ಕಿಳಿಸಲು ಕಾದಿದ್ದವುಗಳ ತಟ್ಟೆಯಿಂದ ೬೬ ಎಂಬ ಲಕೋಟೆ ತೆಗೆದುಕೊಂಡು, ದಾಖಲೆ ಪುಸ್ತಕದಲ್ಲಿ ಸಹಿ ಹಾಕಿ, ಪತ್ರ ಬಿಚ್ಚದೆ ಕೂತಿದ್ದ. ಈಗಲೂ ಬಿಚ್ಚಲಿಲ್ಲ. ಬಿಚ್ಚಿದರೆ ಏನಿರುತ್ತದೆಂದು ಬೆರಳಿಗೆ ಗೊತ್ತಿತ್ತು. ಬಿಚ್ಚದೆ ಇರುವಷ್ಟು ಹೊತ್ತು ತಾನು ತಪ್ಪು ಮಾಡಿದವನಲ್ಲ ಎಂದುಕೊಂಡು, ಎರಡು ಗಂಟೆ ಆರು ನಿಮಿಷ, ಪೂರ್ತಿ ಕೇಳಿದ.

ಅಮ್ಮ ಶಾಲೆಯ ಬಗ್ಗೆ ಹೇಳುತ್ತಿದ್ದಳು. ಬುಟ್ಟಿ ಇರಲಿಲ್ಲ. ಅವಳು ಒಂದನೇ ಕ್ಲಾಸು, ಅಕ್ಕ ಮೂರನೇ ಕ್ಲಾಸು. ಅಮ್ಮನಿಗೆ ಅಕ್ಕ ಇದ್ದಳೆಂಬುದನ್ನು ನಲವತ್ತನಾಲ್ಕು ವರ್ಷಕ್ಕೆ ಅವನು ಮೊದಲ ಸಲ ಕೇಳುತ್ತಿದ್ದ. ಎಲ್ಲರೂ ಮಕ್ಕಳನ್ನು ಕರೆದುಕೊಂಡು ಶಾಲೆಗೆ ಬರಬೇಕೆಂದು ಹೇಳಿಕಳಿಸಿದ್ದರು. ಹಾಲ್‌ನಲ್ಲಿ ನೆಲದ ಮೇಲೆ ಕೂರಿಸಿದ್ದರು. ಮೇಜಿನ ಹಿಂದೆ ಮೇಷ್ಟ್ರು ಕೂತಿದ್ದರು, ದಿನಾ ಕೂರುವ ಹಾಗೆ, ತೋಳಿನ ಮೇಲೆ ಸೀಮೆಸುಣ್ಣದ ಪುಡಿ. ಅವರು ನಮ್ಮ ಜನ ಅಲ್ಲ, ಆದರೆ ನಮ್ಮ ಮೇಷ್ಟ್ರು, ಎಂದಳು ಅಮ್ಮ. ಹಾಜರಿ ಪುಸ್ತಕ ತೆಗೆದು ಒಂದೊಂದೇ ಹೆಸರು ಕೂಗಿದರು. ಹೆಸರಿಗೆ ಓ ಅಂದವರು ಎದ್ದು ಹಿಂಬಾಗಿಲ ಕಡೆ ಹೋಗಬೇಕು. ಹಾಜರಿ ಅಂದ ಮೇಲೆ ಮಕ್ಕಳಿಗೆ ಹೆದರಿಕೆ ಏನು, ದೊಡ್ಡವರು ಸುಮ್ಮನಿದ್ದರೂ ಮಕ್ಕಳು ನಾ ಮುಂದೆ ತಾ ಮುಂದೆ ಎಂದು ಓಗೊಟ್ಟವು. ಇಲ್ಲಿ ಅಮ್ಮ ದಾರ ಕಡಿದಳು. ಆಮೇಲಿನ ಮಾತು ಅವಳದ್ದೇ ಹೌದೋ ಎನ್ನುವಷ್ಟು ಸಪಾಟಾಗಿತ್ತು.

"ಅಕ್ಕ ನನ್ನ ರಿಬ್ಬನ್ ಕಟ್ಕೊಂಡಿದ್ಲು. ನಂಗೆ ಸಿಟ್ಟು. ನನ್ನ ಹೆಸರು ಕೂಗಿದಾಗ ಬಾಯಿ ಬಿಗಿ ಹಿಡ್ಕೊಂಡು ಕೂತೆ. ಎರಡ್ನೇ ಸಲ ಕೂಗಿದ್ರು. ಮೂರ್ನೇ ಸಲ ಕೂಗಿಸಿದ್ರೆ ಏಟು ಅಂತ ಎಲ್ರಿಗೂ ಗೊತ್ತು. ಅಕ್ಕ ಕೈಯೆತ್ತಿ ಓ ಅಂದ್ಲು. ನನ್ನ ಹೆಸರಿಗೆ. ಎದ್ದು ಹೋದ್ಲು."

ಅಕ್ಕನ ಹೆಸರು ಬಂದಾಗ ಯಾರೂ ಓ ಅನ್ನಲಿಲ್ಲ. ಮೇಷ್ಟ್ರು ಮೂರು ಸಲ ಕೂಗಿ, ಕನ್ನಡಕ ಸರಿಮಾಡಿಕೊಂಡು, ಗೈರುಹಾಜರು ಎಂದು ಬರೆದರು. ಅಷ್ಟರಲ್ಲಿ ಶಾಲೆಯ ಕಸ ಗುಡಿಸುವವಳು ಅಮ್ಮನ ರಟ್ಟೆ ಹಿಡಿದು ಗೋಡೆಗೆ ಒರಗಿಸಿಟ್ಟ ಹಳೆಯ ಕರಿಹಲಗೆಯ ಹಿಂದೆ ತಳ್ಳಿದಳು. ಹಲಗೆಯ ಸಂದಿಯಿಂದ ಹಿಂಬಾಗಿಲು ಕಾಣುತ್ತಿತ್ತು. ಅಲ್ಲಿ ಕಂಡದ್ದನ್ನು ಅಮ್ಮ ಒಂಬತ್ತು ನಿಮಿಷ ಹೇಳಿದಳು, ಎಲ್ಲೂ ತಡೆಯದೆ, ಎಲ್ಲೂ ದನಿ ಏರಿಸದೆ. ಅವನ ಬೆರಳು ತಾನಾಗಿ ಬರೆಯುತ್ತ ಹೋಯಿತು, ಅವನು ಮಾತ್ರ ಎಲ್ಲೋ ಮೂರನೆಯ ವಾಕ್ಯದಲ್ಲೇ ನಿಂತುಬಿಟ್ಟಿದ್ದ. ಅಳಲಿಲ್ಲ ಅನ್ನೋದು ಸುಳ್ಳು, ಎಂದಳು ಅಮ್ಮ ಕೊನೆಗೆ. ಅತ್ತಿದ್ದೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ, ಅಷ್ಟೇ.

ಆ ಕಸ ಗುಡಿಸುವವಳೇ ದೊಡ್ಡಮ್ಮ. ಅವನಿಗೆ ಬೆಲ್ಲದ ಚೂರು ಕೊಡುತ್ತಿದ್ದ, ಅವನ ಹತ್ತನೇ ವಯಸ್ಸಿನಲ್ಲಿ ಸತ್ತ, ಗಟ್ಟಿ ಕೈಗಳ ದೊಡ್ಡಮ್ಮ ರಕ್ತಕ್ಕೆ ಯಾರೂ ಅಲ್ಲ. ನೋಡಿದ ಮಗು ಸಾಕ್ಷಿ, ಸಾಕ್ಷಿಯಾದವರನ್ನು ಹುಡುಕಿಕೊಂಡು ಬರುತ್ತಾರೆ ಎಂದು ಅವಳು ಹೊಸ ಊರಿನಲ್ಲಿ ಮಗುವಿಗೆ ಬೇರೆ ಹೆಸರು ಬರೆಸಿದಳು, ಉಂಡು ಬೆಳೆಯದ ಮೈ ನೋಡಿ ವಯಸ್ಸಿನಲ್ಲಿ ಮೂರು ವರ್ಷ ಕಳೆದಳು. ಆಮೇಲೆ ಮಾತು ಕಲಿಸಿದಳು. ಏನು ಹೇಳಿದರೂ ಕೊನೆಗೆ ಅಂತೆ ಸೇರಿಸು. ಅಂತೆ ಅಂದವರನ್ನ ಯಾರೂ ಏನೂ ಕೇಳಲ್ಲ. ತಪ್ಪಿ ಬಿಟ್ಟರೆ ತೊಡೆ ಚಿವುಟುತ್ತಿದ್ದಳು. ನಾಲ್ಕನೆಯ ನಿಮಿಷದಲ್ಲಿ ಅಮ್ಮ ತನ್ನ ಮೊದಲಿನ ಹೆಸರು ಹೇಳಿದ್ದಳು; ಹೆಸರುಗಳನ್ನು ಬರಹಕ್ಕಿಳಿಸಬಾರದು ಎಂಬ ನಿಯಮ, ಅವನು ಆ ಜಾಗದಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗಿದ್ದ. ಈಗ ಹಿಂದೆ ಹೋಗಿ ಆ ಗೆರೆಯನ್ನು ನೋಡಿದ. ಎರಡು ಬೆರಳಗಲದ, ನೇರವಾದ, ಚೊಕ್ಕಟ ಗೆರೆ.

ಹಾಗಾದರೆ ಅಮ್ಮನಿಗೆ ಈಗ ಅರವತ್ತೇಳಲ್ಲ, ಎಪ್ಪತ್ತು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊದಿಕೆಗಳಿಗೆ ನಂಬರು ಹೊಲಿಯುತ್ತ ಅವಳು ಐವತ್ತೆಂಟರವರೆಗೆ ಎಂದು ಕೂತದ್ದು ಅರವತ್ತೊಂದರವರೆಗೆ. ಕೊನೆಯ ವರ್ಷಗಳಲ್ಲಿ ಮೊಣಕಾಲು ಹಿಡಿದುಕೊಂಡು ಬಸ್ಸಿಳಿಯುವಾಗ, ಈ ವಯಸ್ಸಿಗೇ ಹೀಗಾದ್ರೆ ಹೇಗಮ್ಮ, ನಿನ್ನ ಜೊತೆಯವರೆಲ್ಲ ಓಡಾಡ್ತಾರೆ ಎಂದು ಅವನು ಗದರಿದ್ದ. ಕರೆದರೆ ಅವಳು ಮೊದಲ ಕೂಗಿಗೆ ಓಗೊಡುವುದಿಲ್ಲ, ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೇ. ಅದನ್ನವನು ಮೂರನೆಯ ಅಧ್ಯಾಯದ ಅಡಿಟಿಪ್ಪಣಿಯಲ್ಲಿ 'ನಿರೂಪಕಿಗೆ ಕಿವಿ ಸ್ವಲ್ಪ ಮಂದ' ಎಂದು ಪ್ರಾಮಾಣಿಕವಾಗಿ ದಾಖಲಿಸಿದ್ದ. ಸಂಜೆ ಕಾಲೇಜಿನ ಮೊದಲ ವಾರ ಅವನು ಕೊಡೆ ಮರೆತಿದ್ದ, ಅಮ್ಮ ಕೊಡಲು ಬಂದಿದ್ದಳು. ಕಿಟಕಿಯಿಂದ ಅವಳನ್ನು ಕಂಡ ಅವನು, ಹಾಜರಿಯಲ್ಲಿ ತನ್ನ ಸರದಿ ಬಂದಾಗ, ಅವಳಿಗೆ ಕೇಳಲಿ ಎಂದು ಗಟ್ಟಿಯಾಗಿ ಹಾಜರ್ ಸಾರ್ ಎಂದ. ತಿರುಗಿ ನೋಡಿದರೆ ಅವಳಿರಲಿಲ್ಲ. ಕೊಡೆ ಗೇಟಿನ ಕಂಬಿಗೆ ತೂಗುತ್ತಿತ್ತು. ಇಪ್ಪತ್ತರ ಮೇಲಾಗಿ ಬೆಂಚಿನ ಮೇಲೆ ಕೂತ ಮಗನನ್ನು ಕಂಡು ಅವಳಿಗೆ ನಾಚಿಕೆಯಾಯಿತೆಂದು ಅವನು ಇಷ್ಟು ವರ್ಷ ನಂಬಿಕೊಂಡಿದ್ದ, ಆ ನಂಬಿಕೆಯ ಮೇಲೆ ಒಂದು ಸಣ್ಣ ಕಹಿಯನ್ನು ಜೋಪಾನವಾಗಿ ಬೆಳೆಸಿಕೊಂಡಿದ್ದ.

ಧ್ವನಿಯ ಕೊನೆಯಲ್ಲಿ ಕೇಳುವವಳ ದನಿ ಬಂತು, ಮೊದಲ ಸಲ. ಪಕ್ಕದ ಮೇಜಿನವಳು. ಇಪ್ಪತ್ತೊಂಬತ್ತು ವರ್ಷಕ್ಕೇ ಅವನ ಸಮಕ್ಕೆ ಬಂದು ಕೂತವಳು, ಅವನ ಪೆನ್ಸಿಲ್ ಚೂಪು ಮಾಡುವ ಯಂತ್ರವನ್ನು ದಿನಾ ಕೇಳದೆ ತೆಗೆದುಕೊಳ್ಳುವವಳು. ನಿಮ್ಮ ಮಗನಿಗೆ ಗೊತ್ತಾ ಎಂದು ಕೇಳಿದಳು. ಅಮ್ಮ ನಕ್ಕಳು. ಆ ನಗು ಅವನಿಗೆ ಪರಿಚಯದ್ದೇ. ಅವನಿಗೆ ಹೆಣ್ಣು ತೋರಿಸಲು ಬಂದವರಿಗೆಲ್ಲ, ಅವನು ಆಗಲೇ ಟೇಪಿನ ಜೊತೆ ಸಂಸಾರ ಮಾಡ್ಕೊಂಡಿದಾನೆ ಎನ್ನುವಾಗ ನಗುತ್ತಿದ್ದ ನಗು.

"ಅವನಿಗೆ ಹೇಳಿದ್ರೆ ಅವನು ನನ್ನ ನೋಡಲ್ಲಮ್ಮ, ನನ್ನ ಮಾತನ್ನ ನೋಡ್ತಾನೆ. ಎಲ್ಲಿ ನಿಲ್ಸಿದೆ, ಎಲ್ಲಿ ಉಗುಳು ನುಂಗಿದೆ ಅಂತ ಬರ್ಕೊಳ್ತಾನೆ. ಪಾಪದವನು, ಕೆಟ್ಟವನಲ್ಲ. ಅವನ ಪುಸ್ತಕ ನನ್ನ ಅಂತೆ ಮೇಲೆ ನಿಂತಿದೆ. ಅದನ್ನ ಕಿತ್ರೆ ಬೀಳ್ತಾನೆ. ಇರ್ಲಿ ಬಿಡು. ನಾನು ಹೋದ್ಮೇಲೆ ಕೊಡು."

ಆಮೇಲೆ ಅವನು ಲಕೋಟೆಯಿಂದ ಒಪ್ಪಿಗೆಪತ್ರ ತೆಗೆದ. 'ಇದನ್ನು ಯಾರು ಕೇಳಬಾರದು?' ಅವನ ಪ್ರಶ್ನೆ. ಕೆಳಗೆ, ಹೊಲಿಗೆಯ ಹಾಗೆ ಒತ್ತೊತ್ತಾದ ಅಕ್ಷರದಲ್ಲಿ: ನನ್ನ ಮಗ. ಮೂಲೆಯಲ್ಲಿ ಸಂಖ್ಯೆ ೬೯. ಲಕೋಟೆಗಳ ಮೇಲೆ ಕನ್ನಡ ಅಂಕಿಯೇ ಇರಬೇಕೆಂಬುದು ನಿರ್ದೇಶಕರ ಹಟ. ಪಕ್ಕದ ಮೇಜಿನವಳ ಒಂಬತ್ತು ಬಾಲ ಮರೆತ ಆರಿನ ಹಾಗಿರುತ್ತದೆ. ಬೀಗದ ಡ್ರಾಯರಿನಲ್ಲಿ ಇಡಬೇಕಾದದ್ದು ಇದು. ಅಲ್ಲಿ ಇನ್ಯಾರದೋ ಬಚ್ಚಿಡುವ ಅಗತ್ಯವಿಲ್ಲದ ಮಾತು ನಾಲ್ಕು ತಿಂಗಳಿಂದ ಭದ್ರವಾಗಿರಬೇಕು.

ಅವಳು ಮೊಗಸಾಲೆಯಲ್ಲಿ ನೀರು ಕುಡಿಯುತ್ತಿದ್ದಳು. ಅವನು ಲಕೋಟೆಯನ್ನು ಅವಳೆದುರು ಹಿಡಿದ. ಅವಳು ಅಂಕಿ ನೋಡಿದಳು, ಅವನ ಮುಖ ನೋಡಿದಳು, ಲೋಟವನ್ನು ಮೆಲ್ಲನೆ ಕೆಳಗಿಟ್ಟಳು. ಅವನು ಹೇಳಬೇಕೆಂದುಕೊಂಡಿದ್ದ ಮಾತುಗಳು ದೊಡ್ಡವಿದ್ದವು. ಬಾಯಿಂದ ಬಂದದ್ದು ತಾನಿಲ್ಲದ ಹೊತ್ತಿನಲ್ಲಿ ತನ್ನ ಮನೆಗೆ ಯಾಕೆ ಹೋದೆ ಎಂಬುದು, ಬಾಡಿಗೆದಾರರ ಜಗಳದ ದನಿಯಲ್ಲಿ. ಅವನು ಬೇರೆ ಊರಿನಲ್ಲಿ ಉಪನ್ಯಾಸ ಮಾಡಲು ಹೋದ ಬುಧವಾರ, ಅವನೇ ತರಲು ಹೇಳಿದ್ದ ಪುಸ್ತಕ ಕೊಡಲು ಹೋಗಿದ್ದೆ ಎಂದಳು. ಕೋಟಿನ ಗುಂಡಿ ಜೋತಾಡುತ್ತಿತ್ತು, ಅಮ್ಮ ನೋಡಿ, ಬಿಚ್ಚು, ಹೊಲಿದುಕೊಡ್ತೀನಿ, ಕೂತ್ಕೋ ಅಂದಳು. ಗುಂಡಿ ಹೊಲಿಯುತ್ತ ಮಾತು ಶುರುಮಾಡಿದಳು. ಅರ್ಧಕ್ಕೆ ನಿಲ್ಲಿಸಿ, ನಿನ್ನ ಚೀಲದಲ್ಲೂ ಅವನ ಹಾಗೆ ಮಾತು ಹಿಡಿಯೋ ಡಬ್ಬಿ ಇರುತ್ತಲ್ಲ, ಹಾಕು, ಇನ್ನೊಂದು ಸಲ ಹೇಳಲ್ಲ ಎಂದು ಮತ್ತೆ ಮೊದಲಿಂದ ಹೇಳಿದಳು. ಆ ಬುಧವಾರದ ಉಪನ್ಯಾಸದ ಹೆಸರು 'ನಾನು ಅಳಲಿಲ್ಲವಂತೆ'. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

ನಾಲ್ಕು ತಿಂಗಳಿಂದ ಗೊತ್ತಿದ್ದೂ ನನ್ನ ಅಧ್ಯಾಯ ಕೇಳಿಸಿಕೊಂಡು ಕೂತೆ, ಚೆನ್ನಾಗಿದೆ ಅಂದೆ ಎಂದ. ಚೆನ್ನಾಗಿದೆ ಅಂದಿಲ್ಲ, ಇನ್ನೊಂದ್ಸಲ ನೋಡ್ತೀರಾ ಅಂದೆ ಎಂದಳು ಅವಳು. ಅದೂ ನಿಜ. ಸಂಜೆ ಕಾಲೇಜಿನವನೆಂದು ಹೀಗಂದಳು ಎಂದುಕೊಂಡು ಅವನು ಆಗ ಎರಡು ದಿನ ಮಾತು ಬಿಟ್ಟಿದ್ದ.

"ನಾನು ಹನ್ನೊಂದು ಸಲ ಕೂರಿಸಿ ಕೇಳಿದೀನಿ ಅವಳನ್ನ," ಎಂದ. "ಹನ್ನೊಂದು ಸಲ."

"ನಾನು ಏನೂ ಕೇಳ್ಲಿಲ್ಲ," ಎಂದಳು ಅವಳು. ಚುಚ್ಚಲಿಕ್ಕಲ್ಲ, ಆಮೇಲೆ ತುಟಿ ಕಚ್ಚಿಕೊಂಡಳು. ಲಕೋಟೆ ತಪ್ಪಿದ್ದು ತನ್ನದೇ, ಅಮ್ಮನ ಮುಂದೆ ಹೋಗಿ ಹೇಳುತ್ತೇನೆ ಎಂದಳು. ಬೇಡ ಎಂದ. ಅವಳ ಕೋಟಿನ ಮೂರನೆಯ ಗುಂಡಿಯ ದಾರ ಉಳಿದವಕ್ಕಿಂತ ಸ್ವಲ್ಪ ಗಾಢವಾಗಿತ್ತು, ಬುಡಕ್ಕೆ ನಾಲ್ಕು ಸುತ್ತು. ಅವನ ಎಲ್ಲ ಅಂಗಿಗಳ ಗುಂಡಿಗಳೂ ಹಾಗೇ ಇರುತ್ತವೆ. ಅವಳು ಅದನ್ನು ಹಾಕಿಕೊಂಡು ನಾಲ್ಕು ತಿಂಗಳು ಅವನ ಪಕ್ಕ ಕೂತಿದ್ದಳು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದುಕೊಳ್ಳುತ್ತ ಅವನು ಮೇಜಿಗೆ ಬಂದ. ಆದರೆ ಯಾರು ಬೇಲಿ, ಯಾರು ಹೊಲ ಎಂಬುದು ತಿಳಿಯಲಿಲ್ಲ. ಅಮ್ಮ ಅವನಿಗೆ ಸುಳ್ಳು ಕೊಟ್ಟಿದ್ದಳು, ಅದನ್ನು ಅವನು ಸತ್ಯಕ್ಕಿಂತ ಶ್ರದ್ಧೆಯಿಂದ ಓದಿದ್ದ. ಬೇಡವೆಂದು ಅವಳು ಬರೆದುಕೊಟ್ಟದ್ದನ್ನು ಅವನು ಕದ್ದು ಕೇಳಿದ್ದ. ಮೂರನೆಯ ಅಧ್ಯಾಯ ಅಚ್ಚಾಗಲು ಬಿಟ್ಟರೆ ಸುಳ್ಳೆಂದು ಗೊತ್ತಿರುವುದನ್ನು ಅಚ್ಚು ಹಾಕಿದ ಹಾಗೆ. ತಿದ್ದಿ ಬರೆದರೆ ಅವಳ ಕರಿಹಲಗೆಯನ್ನು ಎಲ್ಲರೆದುರು ಸರಿಸಿದ ಹಾಗೆ. ತಿದ್ದಿ ಬರೆದರೆ ಎಂಥ ಅಧ್ಯಾಯವಾಗುತ್ತದೆ ಎಂದೂ ಅವನಿಗೆ ಹೊಳೆಯಿತು. ಕಾಣದವರ ಅಂತೆಯಲ್ಲ, ಕಂಡವರು ಬಚ್ಚಿಟ್ಟುಕೊಂಡ ಅಂತೆ, ಯಾರೂ ಬರೆದಿಲ್ಲ. ಮೊದಲ ವಾಕ್ಯ ತಲೆಯಲ್ಲಿ ಆಗಲೇ ಕೂತುಬಿಟ್ಟಿತ್ತು, ಚೆನ್ನಾಗಿತ್ತು ಕೂಡ. ಅದು ಚೆನ್ನಾಗಿದೆ ಎನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕರಡು ತೆಗೆದು, ಮೂರನೆಯ ಅಧ್ಯಾಯದ ಮೂವತ್ತೆಂಟು ಪುಟಗಳ ಮೇಲೂ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ನಿರ್ದೇಶಕರ ಕೋಣೆಗೆ ಹೋದ.

ಏನ್ರೀ ಅಂತೆಕಂತೆ ಎಂದು ನಿರ್ದೇಶಕರು ಕರಡು ತೆರೆದರು, ಪುಟ ಮಗುಚಿದರು, ಮುಖದ ನಗು ಹಾಗೇ ಉಳಿಯಿತು, ತೆಗೆಯಲು ಮರೆತವರ ಹಾಗೆ. ಯಾಕೆಂದು ಕೇಳಿದರು. ತಪ್ಪಿದೆ ಎಂದ. ಆಧಾರ ಕೇಳಿದರು. ಇದೆ, ಹೇಳುವ ಹಾಗಿಲ್ಲ ಎಂದ.

"ಹೇಳೋ ಹಾಗಿಲ್ಲದ ಆಧಾರಕ್ಕೆ ಏನಂತಾರೆ ಗೊತ್ತೇನ್ರೀ?" ಎಂದರು ಅವರು. "ಅಂತೆ ಅಂತಾರೆ."

ತಮ್ಮ ಮಾತಿಗೆ ತಾವೇ ನಕ್ಕು, ಅವನು ನಗದಿದ್ದದ್ದನ್ನು ಕಂಡು ನಿಲ್ಲಿಸಿದರು. ಈ ಅಧ್ಯಾಯ ತೆಗೆದರೆ ಉಳಿಯುವುದು ಮುನ್ನುಡಿ ಮತ್ತು ಅಡಿಟಿಪ್ಪಣಿ. ಅದನ್ನು ನೋಡಿ ಯಾರೂ ಇನ್ನೆರಡು ವರ್ಷ ಕೊಡುವುದಿಲ್ಲ, ತಾವೂ ಕೇಳುವ ಹಾಗಿಲ್ಲ ಎಂದು ವಿವರಿಸಿದರು, ಪಾಠ ತಪ್ಪಿದ ಮಗುವಿಗೆ ಹೇಳುವಷ್ಟು ಮೆತ್ತಗೆ. ತಡವಾಗಿ ಓದಿದವರಿಗೆ ಕೊನೇ ಗಳಿಗೆಯಲ್ಲಿ ಹೀಗೆ ಕಾಲು ನಡುಗುವುದುಂಟು, ಮನೆಗೆ ಹೋಗಿ ಮಲಗಿ ಎಂದರು. ಅವನು ಕರಡನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದ.

ಬೀದಿಯಲ್ಲಿ ಮೂರೂವರೆಯ ಬಿಸಿಲು. ಇಷ್ಟು ಬೇಗ ಅವನು ಮನೆ ಕಡೆ ನಡೆದದ್ದೇ ಇಲ್ಲವಾಗಿ ಅಂಗಡಿಗಳ ನೆರಳು ಬೇರೆ ಮಗ್ಗುಲಿಗೆ ಬಿದ್ದು ಬೀದಿ ಗುರುತು ಸಿಗದ ಹಾಗಿತ್ತು. ಕೈ ಖಾಲಿ, ಚೀಲ ಹಗುರ. ತಾನು ಏನೋ ಒಂದನ್ನು ಕೊಟ್ಟು ಬಂದಿದ್ದೇನೆ ಎಂಬ ಭಾವ ಮೆಲ್ಲಗೆ ಎದೆಯಲ್ಲಿ ತುಂಬಿಕೊಳ್ಳತೊಡಗಿತು. ಪುಸ್ತಕ ಹೋಯಿತು, ಕೆಲಸ ಹೋಯಿತು. ಅಮ್ಮನ ಬಾಯಿ ಕಟ್ಟಿದ್ದದ್ದು ಅವೆರಡೇ ಅಲ್ಲವೇ, ಈಗ ಅವಳಿಗೆ ಅಡ್ಡಿ ಏನಿದೆ. ಹಾಗೆಂದುಕೊಂಡಾಗ ನಡಿಗೆ ಬಿರುಸಾಯಿತು. ಕಬ್ಬಿಣದ ಅಂಗಡಿಯಲ್ಲಿ ನಿಂತು ಅರ್ಧ ಇಂಚಿನ ವಾಷರ್ ಕೇಳಿದ. ಒಂದು ಸಾಕಾ ಎಂದ ಅಂಗಡಿಯವನು. ಸಾಕು ಎಂದ. ಆದರೆ ಮನೆಯ ಮೆಟ್ಟಿಲು ಹತ್ತುವಾಗ ಬೇರೊಂದು ಯೋಚನೆ ಬಂತು, ಅವನು ಕರೆಯದೆ. ಬಾಗಿಲಲ್ಲಿ ನಿಂತು ಅಮ್ಮಾ ಎನ್ನುವ ಬದಲು ಆ ನಾಲ್ಕನೆಯ ನಿಮಿಷದ ಹೆಸರನ್ನು ಕೂಗಿಬಿಟ್ಟರೆ? ಒಂದೇ ಸಲ. ಅವಳು ಓ ಎನ್ನುತ್ತಾಳೋ ಇಲ್ಲವೋ ನೋಡಲಿಕ್ಕೆ. ಹೆಸರು ನಾಲಿಗೆಯ ಮೇಲೆ ಕೂತಿತ್ತು, ಎರಡು ತುಟಿಗಳನ್ನು ಸೇರಿಸಿದರೆ ಸಾಕು. ನನ್ನಿಂದ ಬಚ್ಚಿಟ್ಟೆಯಲ್ಲ, ನೋಡು, ನನ್ನ ಬಾಯಲ್ಲೇ ಇದೆ. ಅವನು ಬಾಗಿಲ ಚೌಕಟ್ಟು ಹಿಡಿದು, ಅದು ಹಿಂದಕ್ಕೆ ಇಳಿಯುವವರೆಗೆ ನಿಂತ. ಆಮೇಲೆ ಏನನ್ನೂ ಕೂಗದೆ ಒಳಗೆ ಹೋದ.

ಅಮ್ಮ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು ಅವನ ಅಂಗಿಯ ಕಾಲರು ತಿರುಗಿಸಿ ಹೊಲಿಯುತ್ತಿದ್ದಳು. ತಲೆಯೆತ್ತಿ ಗಡಿಯಾರ ನೋಡಿದಳು, ಅವನನ್ನು ನೋಡಿದಳು. ಹುಷಾರಿಲ್ವಾ ಎಂದು ಕೇಳಿದಳು. ಇದೀನಿ ಎಂದ. ವಾಷರ್ ತೋರಿಸಿದ. ಇವತ್ತು ಯಾವ ದಿಕ್ಕಲ್ಲಿ ಹುಟ್ಟಿದಾನೋ ಸೂರ್ಯ ಎಂದಳು. ಅವನು ನೀರು ನಿಲ್ಲಿಸಿ, ನಲ್ಲಿಯ ತಲೆ ಬಿಚ್ಚಿ, ಸವೆದು ಕೊಳೆತ ಹಳೆಯ ವಾಷರನ್ನು ಉಗುರಿನಿಂದ ಕೆರೆದು ತೆಗೆದ. ಹಿಂದೆ ಸೂಜಿ ಬಟ್ಟೆಯೊಳಗೆ ಹೋಗಿ ಬರುವ ಸದ್ದು. ಹೇಗೆ ಶುರುಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ಹನ್ನೊಂದು ಸಲ ಡಬ್ಬಿಯ ಗುಂಡಿ ಒತ್ತಿ, ತಾರೀಖು ಹೇಳಿ, ಶುರುಮಾಡಿದವನಿಗೆ. ಹೊಸ ವಾಷರ್ ಕೂರಿಸಿ, ತಲೆ ತಿರುಗಿಸಿ ಬಿಗಿ ಮಾಡಿ, ಅವಳ ಕಡೆ ಬೆನ್ನು ಹಾಕಿಕೊಂಡೇ ಹೇಳಿದ.

"ಒಬ್ಬ ಹುಡುಗಿ ಇದ್ಲಂತೆ. ರಿಬ್ಬನ್‌ಗೋಸ್ಕರ ಅವಳಿಗೆ ಅಕ್ಕನ ಮೇಲೆ ಸಿಟ್ಟು ಬಂದಿತ್ತಂತೆ."

ಸೂಜಿ ನಿಂತಿತು. ನಲ್ಲಿಯೂ ನಿಂತಿದ್ದರಿಂದ ಮನೆಯಲ್ಲಿ ಐದು ತಿಂಗಳಲ್ಲಿ ಮೊದಲ ಸಲ ಏನೂ ಕೇಳಿಸದ ಹಾಗಾಯಿತು. ಅವನು ತಿರುಗಿದ. ಅಮ್ಮ ಅಂಗಿಯನ್ನು ಮಡಿಲಿಗಿಳಿಸಿ ಅವನನ್ನು ನೋಡುತ್ತಿದ್ದಳು. ಸಿಟ್ಟಿರಲಿಲ್ಲ, ಬಸ್ಸಿಳಿಯುವಾಗ ಕಂಬಿ ಹಿಡಿಯುವ ಮುಂಚೆ ಮೊಣಕಾಲಿಗೆ ಹೇಳಿಕೊಳ್ಳುವಳಲ್ಲ, ಆ ಮುಖ. ಯಾರು ಹೇಳಿದ್ದೆಂದು ಕೇಳಲಿಲ್ಲ.

"ಆಮೇಲೆ?" ಎಂದಳು.

"ಅವಳು ಅತ್ಲಂತೆ. ಯಾರಿಗೂ ಕೇಳಿಸ್ಲಿಲ್ವಂತೆ." ಪುಸ್ತಕ ಬೇಡ ಅಂದುಬಂದೆ ಕಣಮ್ಮ ಎಂದು ಸೇರಿಸಬೇಕೆನಿಸಿತು, ಬಿಲ್ಲು ತೋರಿಸುವವನ ಹಾಗೆ. ಸೇರಿಸಲಿಲ್ಲ. ಅದೊಂದನ್ನಾದರೂ ಹೇಳದೆ ಉಳಿಸಿಕೊಂಡೆ ಎಂದು ಆಮೇಲೆ ಅವನು ಎಷ್ಟೋ ದಿನ ಸಮಾಧಾನ ಮಾಡಿಕೊಳ್ಳಲಿದ್ದ.

ಅಮ್ಮ ಕಿಟಕಿಯಾಚೆ ನೋಡಿದಳು. ತುಂಬ ಹೊತ್ತು. ಅವನು ಎಣಿಸಲಿಲ್ಲ, ಎಣಿಸದೆ ಇರಲು ಕಷ್ಟಪಟ್ಟ. ಅವಳ ತುಟಿ ಅಲುಗಿತು, ದೊಡ್ಡ ಮಾತಿಗಲ್ಲ, ಸಣ್ಣದೊಂದಕ್ಕೆ, ಎರಡು ಗಂಟೆ ಆರು ನಿಮಿಷದಲ್ಲಿ ಎಲ್ಲೂ ಇರದಿದ್ದ ಒಂದಕ್ಕೆ.

"ಹಸಿರು ರಿಬ್ಬನ್ನು," ಎಂದಳು. "ಅಂಚಿಗೆ ಬಿಳೀ ದಾರ ಇತ್ತು."

ಇತ್ತು. ಇತ್ತಂತೆ ಅಲ್ಲ. ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದು, ತೆರೆದ ಹಾಗೇ ನಿಂತಳು. ಅವಳ ಕಣ್ಣು ಅವನ ಮುಖದಿಂದ ಕೆಳಗಿಳಿದು ಎದೆಯ ಬಳಿ ನಿಂತಿತ್ತು. ಅವನೂ ನೋಡಿಕೊಂಡ. ಅವನ ಒದ್ದೆ ಕೈ, ಅವನಿಗೆ ತಿಳಿಯದ ಹಾಗೆ, ಅಂಗಿಯ ಜೇಬಿಗೆ ಹೋಗಿ ಪೆನ್ಸಿಲನ್ನು ಅರ್ಧ ಹೊರಗೆಳೆದಿತ್ತು.

ಅಮ್ಮ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡಳು. ದಾರವನ್ನು ಹಲ್ಲಿಗೆ ಕೊಟ್ಟು ಕಡಿದಳು.

"ಅಂತೆ," ಎಂದಳು.